ತಲೆಕಟ್ಟು ಮಾತ್ರ ಬೇರೆ

ಪೆಂಡುರ್ತಿ, ವಿಶಾಖಪಟ್ಟಣ
೧೪ ಜೂನ್ ೨೦೨೪

ಮೃಣಾಲಿನಿ ಅಕ್ಕನಿಗೆ ಲಾವಣ್ಯಾಳ ನಮಸ್ಕಾರ.

ದಿನ ಬೆಳಗಾದರೆ ಫೋನ್ ಮಾಡುವವಳು ಇದ್ದಕ್ಕಿದ್ದ ಹಾಗೆ ಕಾಗದ ಬರೆದಳಲ್ಲ ಎಂದು ಹುಬ್ಬೇರಿಸಬೇಡಿ. ಫೋನು ಈಗ ವರ್ಷಾಳ ಆಸ್ತಿ. ಕಣ್ಣು ಕಾರ್ಟೂನಿನ ಮೇಲಿದ್ದರೂ ಕಿವಿ ನನ್ನ ಬಾಯಿಯ ಮೇಲೇ ಇರುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಅದನ್ನು ತೆಲುಗಿಗೆ ತಿರುಗಿಸಿ ಓದಿಸಿಕೊಳ್ಳುವುದನ್ನೂ ಕಲಿತಿದ್ದಾಳೆ. ಕೈಬರಹದ ಕನ್ನಡವೊಂದೇ ಅವಳಿಗೆ ಬಾರದ್ದು. ಮಗಳಿಗೆ ಕನ್ನಡ ಅಕ್ಷರ ಕಲಿಸಿಲ್ಲವೆಂದು ನಿಮ್ಮ ತಮ್ಮನನ್ನು ಎಷ್ಟು ಸಲ ಬೈದಿದ್ದೀರಿ! ಕಲಿಸದೆ ಹೋದದ್ದೇ ಈಗ ಅನುಕೂಲವಾಯಿತು. ನೀವೂ ಕಾಗದದಲ್ಲೇ ಉತ್ತರ ಬರೆಯಿರಿ, ಸ್ಪೀಡ್ ಪೋಸ್ಟಿನಲ್ಲಿ ಬೇಗ ಬರುತ್ತದೆ.

ಬೇಸಿಗೆ ರಜೆ ಮುಗಿಸಿ ನಿಮ್ಮ ಮನೆಯಿಂದ ಬಂದಾಗ ಅವಳು ಕೆನ್ನೆ ತುಂಬಿಕೊಂಡು ಗುಂಡುಗುಂಡಗೆ ಇದ್ದಳು. ನಾನೇ ದೃಷ್ಟಿ ತೆಗೆದೆ. ವಾರ ಕಳೆಯುವಷ್ಟರಲ್ಲಿ ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಾಲಿನ ಎಲುಬು ನೋಯುತ್ತದೆಂದು ಅಳುತ್ತಾಳೆ. ಕುತ್ತಿಗೆಯ ಬಲಗಡೆ ಗೋಲಿಯಷ್ಟು ಗಂಟು ಎದ್ದಿದೆ. ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮುಖ ಗಂಟು ಹಾಕಿಕೊಂಡು, ಊರೊಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮಕ್ಕಳ ರಕ್ತದ ಕಾಯಿಲೆಗಳನ್ನು ನೋಡುವವರು ಡಾಕ್ಟರ್ ಸೀತಾಮಹಾಲಕ್ಷ್ಮಿ. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಬೇಕು ಎನ್ನುತ್ತಾರೆ. ಕ್ಯಾನ್ಸರ್ ಎಂಬ ಮಾತನ್ನು ಅವರು ಆಡಲಿಲ್ಲ. ಆಡಲಿಲ್ಲವೆಂದೇ ನನಗೆ ಅನುಮಾನ.

ನಿಮ್ಮ ತಮ್ಮ ಹಡಗಿನಲ್ಲಿದ್ದಾರೆ. ಎಲ್ಲಿ ಎಂದು ನೌಕಾಪಡೆಯವರು ಹೇಳುವುದಿಲ್ಲ, ನಾನೂ ಕೇಳುವ ಹಾಗಿಲ್ಲ. ಸುದ್ದಿ ಕಳಿಸಿದ್ದೇನೆ.

ಒಂದು ಮಾತು ಕೇಳಲೇಬೇಕು, ತಪ್ಪು ತಿಳಿಯಬೇಡಿ. ಅಲ್ಲಿದ್ದಾಗ ಅವಳಿಗೆ ಕಾಲುನೋವು ಇತ್ತೇ? ಇವಳನ್ನು ಕೇಳಿದರೆ "ಏಮೀ ಲೇದು" ಎಂದು ಗೋಡೆಯ ಕಡೆ ತಿರುಗಿಕೊಳ್ಳುತ್ತಾಳೆ. ಎಂಟು ವರ್ಷದ ಮಗು ಏನೂ ಇಲ್ಲವೆಂದು ಅಷ್ಟು ಬೇಗ ಹೇಳಿದರೆ, ಏನೋ ಇದೆ ಎಂದೇ ಅರ್ಥ.

ಇಂತಿ,
ಲಾವಣ್ಯಾ


ಪಟಮಟ, ವಿಜಯವಾಡ
೧೮ ಜೂನ್ ೨೦೨೪

ಲಾವಣ್ಯಾ,

ನಿನ್ನ ಕಾಗದವನ್ನು ಬ್ಯಾಂಕಿನಲ್ಲಿ ಕುಳಿತಲ್ಲೇ ಎರಡು ಸಲ ಓದಿದೆ. ಅಮ್ಮನಿಗೆ ಬರೀ ಜ್ವರ ಎಂದಷ್ಟೇ ಹೇಳಿದ್ದೇನೆ. ಅವಳು ದೇವರ ಮುಂದೆ ಕೂತವಳು ಇನ್ನೂ ಎದ್ದಿಲ್ಲ.

ಕಾಲುನೋವು ಇತ್ತು. ಮುಚ್ಚಿಡುವುದೇಕೆ? ಮೇ ತಿಂಗಳ ಮೊದಲಲ್ಲಿ ನಾಲ್ಕು ದಿನ ಕುಂಟಿದಳು. ಬೀದಿಯ ಕೊನೆಯ ಕ್ಲಿನಿಕ್ಕಿಗೆ ತೋರಿಸಿದೆ. ಬೆಳೆಯುವ ಮಕ್ಕಳಿಗೆ ಹೀಗೆ ಬರುತ್ತದೆ ಎಂದು ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟರು. ವಾರದೊಳಗೆ ಹುಡುಗಿ ಕುದುರೆಯಾದಳು. ಸೈಕಲ್ ತುಳಿದಳು, ಮಹಡಿ ಹತ್ತಿ ಇಳಿದಳು. ಊಟವೋ, ಕೇಳಬೇಡ. ಹೊತ್ತಿಗೆ ಮೂರು ರೊಟ್ಟಿ. "ನಮ್ಮ ರಾಣೆಬೆನ್ನೂರಿನ ಹೊಟ್ಟಿ ಇದು" ಎಂದು ಅಮ್ಮ ಹಿಗ್ಗಿಹೋದಳು. ಆ ಮಗು ನಿನ್ನ ಮನೆಗೆ ಬಂದು ವಾರಕ್ಕೆ ಮಲಗಿತು ಎಂದರೆ ನನಗೂ ಕೇಳಬೇಕೆನಿಸುತ್ತದೆ, ಅಲ್ಲಿ ಏನಾಯಿತು ಎಂದು. ಕೇಳುತ್ತಿಲ್ಲ, ಅಷ್ಟೇ.

ಆಸ್ಪತ್ರೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ. ಬಾಟಲಿಯ ಮೇಲೆ ಮಗುವಿನ ಹೆಸರು ಬರೆಯುವಾಗ ನಿಂತು ನೋಡು. ಇಪ್ಪತ್ತೆರಡು ವರ್ಷ ಕೌಂಟರಿನಲ್ಲಿ ಸಹಿ ಹೋಲಿಸಿದವಳು ನಾನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯಲ್ಲ.

ಇಲ್ಲಿ ಅಮ್ಮನದೂ ಒಂದು ಗೋಳು. ಸಕ್ಕರೆ ಏರಿ ಕೂತಿದೆ, ಮುಖ ಊದಿಕೊಂಡಿದೆ. ನಾನು ಕೊಡುವ ಮಾತ್ರೆ ಬಿಟ್ಟು ಬೇರೇನೂ ನುಂಗಕೂಡದೆಂದು ಕಟ್ಟುನಿಟ್ಟು ಮಾಡಿದ್ದರೂ ಹೀಗೆ. ಒಂದೇ ಸಮಾಧಾನವೆಂದರೆ ಮಂಡಿನೋವು ಪೂರ್ತಿ ನಿಂತಿದೆ.

ಮಜ್ಜೆಯ ಫಲಿತಾಂಶ ಬಂದ ಕೂಡಲೇ ತಿಳಿಸು.

ನಿನ್ನ,
ಮೃಣಾಲಿನಿ


ವಿಶಾಖಪಟ್ಟಣ, ಆಸ್ಪತ್ರೆಯಿಂದ
೨೭ ಜೂನ್ ೨೦೨೪

ಅಕ್ಕ,

ಕ್ಯಾನ್ಸರ್ ಎಂಬುದು ಖಚಿತವಾಯಿತು. ಈ ಸಾಲು ಬರೆಯಲು ಮೂರು ಹಾಳೆ ಹರಿದೆ. ಯಾವ ಕ್ಯಾನ್ಸರ್ ಎಂಬುದು ಮಾತ್ರ ಇನ್ನೂ ಖಚಿತವಿಲ್ಲ.

ಮೊನ್ನೆ ಡಾಕ್ಟರ್ ಸೀತಾಮಹಾಲಕ್ಷ್ಮಿ ವಾರ್ಡಿಗೆ ಬಂದಾಗ ನಿಮ್ಮ ಕಾಗದ ಮೇಜಿನ ಮೇಲಿತ್ತು. ಎತ್ತಿಕೊಂಡು ನಕ್ಕರು. "ಇದಿ ಕನ್ನಡಮಾ? ದೂರಂ ನುಂಚಿ ಚೂಸ್ತೇ ಮಾ ತೆಲುಗೇ!" ದೂರದಿಂದ ನೋಡಿದರೆ ನಮ್ಮ ತೆಲುಗೇ ಎನ್ನಿಸುತ್ತದೆ, ಹತ್ತಿರದಿಂದ ನೋಡಿದರೆ ತಲೆಕಟ್ಟು ಮಾತ್ರ ಬೇರೆ ಎಂದರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ, ವರ್ಷಾಳ ಕಾಯಿಲೆಯ ತೊಡಕೂ ಇಂಥದೇ ಎಂದು ಬಿಡಿಸಿ ಹೇಳಿದರು.

ಲಿಂಫೋಮಾ ಎಂದು ಒಂದಿದೆಯಂತೆ, ಲ್ಯುಕೇಮಿಯಾ ಎಂದು ಇನ್ನೊಂದು. ಮಕ್ಕಳಲ್ಲಿ ಎರಡೂ ಒಂದೇ ಜಾತಿಯ ಎಳೆಯ ಬಿಳಿ ಕಣಗಳು ಕೆಟ್ಟು ಹುಟ್ಟಬಹುದು. ಮೈಕ್ರೋಸ್ಕೋಪಿನಲ್ಲಿ ಕಣದ ಮುಖ ಒಂದೇ. ಗಂಟಿನಲ್ಲಿ ಹೆಚ್ಚಾಗಿ ಮನೆ ಮಾಡಿ ಮಜ್ಜೆಯಲ್ಲಿ ಅಷ್ಟಿಷ್ಟಿದ್ದರೆ ಲಿಂಫೋಮಾ. ಮಜ್ಜೆಯ ಕಾಲು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಅವೇ ತುಂಬಿದ್ದರೆ ಲ್ಯುಕೇಮಿಯಾ. ವರ್ಷಾಳ ಮಜ್ಜೆಯಲ್ಲಿ ಅವು ತೀರ ಕಡಿಮೆ ಕಂಡವು. ಆದರೆ ರಕ್ತದ ಲಕ್ಷಣ ಅದಕ್ಕೆ ಹೊಂದುತ್ತಿಲ್ಲ. ಎಲ್ಲ ಯಾರೋ ಒರೆಸಿಟ್ಟ ಹಾಗಿದೆ ಎಂದರು.

ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು, "ಮಗುವಿಗೆ ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದಿರಾ?" ಆ ಮಾತ್ರೆ ಈ ಕಣಗಳನ್ನು ಕರಗಿಸುತ್ತದಂತೆ. ಬುಡ ಹೋಗುವುದಿಲ್ಲ, ಮೇಲಿನದು ಕರಗಿ ಕಾಯಿಲೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಚಿಕ್ಕದೆಂದು ನಂಬಿ ಹಗುರ ಚಿಕಿತ್ಸೆ ಕೊಟ್ಟರೆ ಮತ್ತೆ ತಲೆಯೆತ್ತುತ್ತದೆ, ಎರಡನೆಯ ಸಲ ಬಂದದ್ದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗೆಂದು ಸುಮ್ಮಸುಮ್ಮನೆ ಭಾರಿ ಔಷಧಿ ಕೊಡುವಂತೆಯೂ ಇಲ್ಲ, ಮಗುವಿನ ಹೃದಯಕ್ಕೆ ಅದು ಪೆಟ್ಟು. ನಿಜ ಗೊತ್ತಾಗಬೇಕು ಎಂದರು. ಕೆಲವು ದಿನ ಬಿಟ್ಟು ಮತ್ತೆ ಮಜ್ಜೆ ತೆಗೆಯುತ್ತಾರೆ.

ಸ್ಟೆರಾಯ್ಡ್ ತಿಂದ ಮಕ್ಕಳಿಗೆ ನೋವು ಮಾಯವಾಗಿ, ರಾಕ್ಷಸರ ಹಸಿವು ಬಂದು, ಕೆನ್ನೆ ಊದುತ್ತವಂತೆ. ಹೊತ್ತಿಗೆ ಮೂರು ರೊಟ್ಟಿ ಎಂದು ಬರೆದವರು ನೀವು. ಆ ಕ್ಲಿನಿಕ್ಕಿನಲ್ಲಿ ಏನು ಕೊಟ್ಟರು ಅಕ್ಕ? ನಾಚಿಕೆ, ಭಯ ಏನಿದ್ದರೂ ಬದಿಗಿಟ್ಟು ಹೇಳಿಬಿಡಿ.

ಲಾವಣ್ಯಾ


ಪಟಮಟ
೧ ಜುಲೈ ೨೦೨೪

ಲಾವಣ್ಯಾ,

ನಾಚಿಕೆ, ಭಯ ಎಂದು ಬರೆದಿದ್ದೀಯಲ್ಲ, ನನ್ನನ್ನು ಏನೆಂದು ತಿಳಿದಿದ್ದೀ? ನಾನೇನು ಅವಳಿಗೆ ಹೊರಗಿನವಳೇ? ಹುಟ್ಟಿದ ದಿನ ಅವಳ ಕಿವಿಯಲ್ಲಿ ಹೆಸರು ಉಸುರಿದ ಸೋದರತ್ತೆ.

ಕ್ಲಿನಿಕ್ಕಿನ ಚೀಟಿಯ ನಕಲು ಇಟ್ಟಿದ್ದೇನೆ. ಕ್ಯಾಲ್ಸಿಯಂ ಸಿರಪ್, ನೋವು ಹೆಚ್ಚಾದರೆ ಪ್ಯಾರಾಸಿಟಮಾಲ್, ಅಷ್ಟೇ. ನಂಬಿಕೆಯಿಲ್ಲದೆ ನಾನೇ ಹೋಗಿ ಆ ಡಾಕ್ಟರನ್ನು ಕೇಳಿದೆ. ಔಷಧ ಅಂಗಡಿಯವನನ್ನೂ ಕೇಳಿದೆ. ಅಮ್ಮನನ್ನು ಎದುರು ಕೂಡಿಸಿಕೊಂಡು ಕೇಳಿದೆ, "ಅವ್ವಾ, ಕೂಸಿಗೆ ಸ್ಟೆರಾಯ್ಡ್ ಗೀರಾಯ್ಡ್ ಏನರ ಕೊಟ್ಟಿಯೇನ?"

"ಅದೆಂಥಾದ್ದ ಇಂಗ್ಲಿಷ್ ಔಷಧಾನೋ ನನಗೇನ ಗೊತ್ತವ್ವಾ? ಮಜ್ಜಿಗಿ ಅನ್ನ ಕೊಟ್ಟೇನಿ, ಮುತ್ತು ಕೊಟ್ಟೇನಿ" ಎಂದಳು. ದೇವರ ದೀಪ ಮುಟ್ಟಿ ಹೇಳಿದಳು. ಇನ್ನೇನು ಬೇಕು?

ನನ್ನ ಅನುಮಾನ ಬೇರೆ. ರಕ್ತ ಒಂದು ಹೇಳುತ್ತದೆ, ಮಜ್ಜೆ ಇನ್ನೊಂದು ಹೇಳುತ್ತದೆ ಎಂದರೆ ಎರಡೂ ಒಂದೇ ಮಗುವಿನವೇ? ಒಂದೇ ಖಾತೆಯಲ್ಲಿ ಎರಡು ಥರದ ಸಹಿ ಬಂದರೆ ನಾನು ಮೊದಲು ಕೇಳುವುದು, ಸಹಿ ಹಾಕಿದವರು ಯಾರು ಎಂದು. ಬಾಟಲಿ ಬದಲಾಗಿದ್ದರೆ? ನೀನು ನಿಂತು ನೋಡಿದೆಯಾ?

ಇನ್ನು ನಿನ್ನ ಮನೆಯ ವಿಷಯಕ್ಕೂ ಬರೋಣ. ಜ್ವರ ಬಂದ ಮೊದಲ ವಾರ ನೀನು ಯಾರ ಹತ್ತಿರ ತೋರಿಸಿದೆ? ಪಕ್ಕದ ಮನೆಯವರು ಕೊಟ್ಟ ಹೋಮಿಯೋಪತಿ ಸಿಹಿ ಗುಳಿಗೆ ಎಂದು ಫೋನಿನಲ್ಲಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದೆ. ನನಗೆ ಮರೆವಿಲ್ಲ.

ಮೃಣಾಲಿನಿ


ವಿಶಾಖಪಟ್ಟಣ
೯ ಜುಲೈ ೨೦೨೪

ಅಕ್ಕ,

ಸಿಹಿ ಗುಳಿಗೆಯ ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟೆ. ಪರೀಕ್ಷೆಗೆ ಕಳಿಸಿದರು, ಬರೀ ಸಕ್ಕರೆ. ಬಾಟಲಿ ಬದಲಾಗಿದೆಯೇ ಎಂದೂ ಕೇಳಿದೆ. ಆ ತಾಯಿ ಸಿಟ್ಟಾಗಲಿಲ್ಲ. ಎರಡನೆಯ ಸಲ ನನ್ನ ಕಣ್ಣೆದುರೇ ಹೆಸರು ಅಂಟಿಸಿದರು. ಈಗ ನನ್ನ ಮನೆ ಗುಡಿಸಿಯಾಯಿತು, ಆಸ್ಪತ್ರೆಯೂ ಗುಡಿಸಿಯಾಯಿತು. ಉಳಿದದ್ದು ನಿಮ್ಮ ಮನೆ.

ಗಂಟು ನಿಂಬೆಹಣ್ಣಿನಷ್ಟಾಗಿದೆ. ಮಜ್ಜೆಯಲ್ಲಿ ಕೆಟ್ಟ ಕಣಗಳು ಏರಿವೆ, ಆದರೂ ಕಾಲು ಭಾಗದ ಗೆರೆಯಿಂದ ಕೂದಲೆಳೆಯಷ್ಟು ಕೆಳಗೇ ನಿಂತಿವೆ. ಆ ಗೆರೆಯ ಲೆಕ್ಕದ ಪ್ರಕಾರ ಲಿಂಫೋಮಾ. "ಯಾವ ಮಾತ್ರೆಯೂ ಬಿದ್ದಿಲ್ಲವೆಂದರೆ ಈ ಲೆಕ್ಕ ನಂಬುತ್ತೇನೆ. ಬಿದ್ದಿದ್ದರೆ ಇದು ಗೆರೆ ದಾಟಿದ್ದ ಲ್ಯುಕೇಮಿಯಾವೇ, ತಗ್ಗಿ ಕೂತಿದೆ" ಎನ್ನುತ್ತಾರೆ ಡಾಕ್ಟರು. ಬರುವ ಸೋಮವಾರ ಔಷಧಿ ಶುರು. ಮೊದಲ ವಾರ ಎರಡಕ್ಕೂ ಒಂದೇ ಔಷಧಿ. ಅದರ ಮುಂದಿನ ಸೋಮವಾರ ಹಗುರ ದಾರಿಯೋ ಭಾರಿ ದಾರಿಯೋ ಗೊತ್ತು ಮಾಡಬೇಕು. ಅಷ್ಟರೊಳಗೆ ನಿಜ ಹೊರಬರಬೇಕು.

ಈಗ ನಾನು ಕಂಡದ್ದನ್ನು ಬರೆಯುತ್ತೇನೆ, ಸಿಟ್ಟಾಗುವುದಾದರೆ ಆಗಿ. ವರ್ಷಾ ಪ್ರತಿ ಸಂಜೆ ಹಟ ಮಾಡಿ ಅಜ್ಜಿಗೆ ಫೋನ್ ಮಾಡಿಸುತ್ತಾಳೆ. ಕತೆಯಿಲ್ಲ, ಹಾಡಿಲ್ಲ. "ಬಾಗುನ್ನಾವಾ ಅಜ್ಜಿ?" ಎನ್ನುತ್ತಾಳೆ, ಆ ಕಡೆಯಿಂದ ಚೆನ್ನಾಗಿದ್ದೇನೆಂದು ಹೂಂ ಎಂದ ಕೂಡಲೇ ಇಡುತ್ತಾಳೆ. ಸೂಜಿ ಚುಚ್ಚುವಾಗಲೂ ಅಳದ ಮಗು ಒಂದು ದಿನ ಫೋನ್ ಸಿಗದಿದ್ದಕ್ಕೆ ಹೊರಳಾಡಿ ಅತ್ತಿತು. ಮಾತ್ರೆ ಎಂಬ ಮಾತೆತ್ತಿದರೆ ಗೋಡೆಯ ಕಡೆ ತಿರುಗುತ್ತಾಳೆ. ನಿಮ್ಮ ತಾಯಿ ನನ್ನ ಮಗಳ ಬಾಯಿ ಕಟ್ಟಿದ್ದಾರೆ. ಹೇಗೆ ಎಂದು ಗೊತ್ತಿಲ್ಲ, ಏಕೆ ಎಂದೂ ಗೊತ್ತಿಲ್ಲ, ಕಟ್ಟಿದ್ದಾರೆ ಎಂಬುದು ಗೊತ್ತು.

ದೀಪ ಮುಟ್ಟಿದರೆ ನಿಮಗೆ ಸಾಕು. ನನಗೆ ಸಾಲದು.

ಲಾವಣ್ಯಾ


ಪಟಮಟ
೧೧ ಜುಲೈ ೨೦೨೪

ಲಾವಣ್ಯಾ,

ನಿನ್ನ ಮಾತು ಕೇಳಿ ಹೆತ್ತ ತಾಯಿಯ ಟ್ರಂಕು ಶೋಧಿಸಿದೆ. ಹಾಸಿಗೆ ಎತ್ತಿದೆ, ದೇವರ ಗೂಡಿನಲ್ಲಿ ಕೈ ಹಾಕಿದೆ, ಅಡಿಕೆ ಚೀಲ ಬೋರಲು ಹಾಕಿದೆ. ಬ್ಯಾಂಕಿಗೆ ತನಿಖೆಯವರು ಬಂದಾಗ ನಮ್ಮ ಮುಖ ಹೇಗಿರುತ್ತದೋ ಅಮ್ಮನ ಮುಖ ಹಾಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸಿಕ್ತೇನವ್ವಾ? ಸಿಕ್ಕಿದ್ರ ನನಗೂ ತೋರಸು" ಎಂದಳು.

ಏನೂ ಸಿಗಲಿಲ್ಲ. ಆಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮೊದಲೇ ನಾಲ್ಕಾರು ದಿನದಿಂದ ಮೈಯಲ್ಲಿ ಸುಖವಿಲ್ಲ. ಮಂಡಿನೋವು ತಿರುಗಿ ಬಂದಿದೆ, ಕಾಲಲ್ಲಿ ಶಕ್ತಿಯಿಲ್ಲ, ಎದ್ದರೆ ತಲೆಸುತ್ತು. ಹಾಸಿಗೆ ಬಿಟ್ಟು ಏಳುತ್ತಿಲ್ಲ. ಪಕ್ಕದ ಸಾಯಿಲಕ್ಷ್ಮಿ ಬಂದು ಗಂಜಿ ಕುಡಿಸಿ ಹೋಗುತ್ತಾಳೆ. ಅವಳು ಬಂದಾಗ ಇಬ್ಬರೂ ಏನೋ ಪಿಸುಗುಡುತ್ತಾರೆ, ನಾನು ಹೋದರೆ ನಿಲ್ಲಿಸುತ್ತಾರೆ. ನೋಡು, ನನಗೂ ನಿನ್ನ ಅನುಮಾನದ ರೋಗ ಅಂಟಿಸಿದೆ. ಈಗ ಮನೆಯಲ್ಲಿ ಯಾರು ಕೆಮ್ಮಿದರೂ ತಿರುಗಿ ನೋಡುತ್ತೇನೆ.

ಇನ್ನು ನನಗೆ ಕಾಗದ ಬರೆಯಬೇಡ. ಮಗುವಿನ ಸುದ್ದಿ ಎರಡೇ ಸಾಲು ಇದ್ದರೆ ಸಾಕು.

ಮೃಣಾಲಿನಿ


ವಿಶಾಖಪಟ್ಟಣ
೧೩ ಜುಲೈ ೨೦೨೪

ಅಕ್ಕ,

ಎರಡೇ ಸಾಲು ಕೇಳಿದಿರಿ. ನಾಡಿದ್ದು ಔಷಧಿ ಶುರುವಾಗುತ್ತದೆ, ಕೂದಲು ಉದುರುವುದನ್ನು ಅವಳು ನೋಡುವುದು ಬೇಡವೆಂದು ಮೊದಲೇ ತೆಗೆಸಿದೆ.

ಈ ಲಕೋಟೆಯಲ್ಲಿ ಅವಳು ಅಜ್ಜಿಗೆಂದು ಚಿತ್ರ ಬರೆದು ಮಡಚಿ ಅಂಟಿಸಿ ಇಟ್ಟಿದ್ದಾಳೆ. ನನಗೂ ತೋರಿಸಲಿಲ್ಲ, ಮುಟ್ಟಲೂ ಬಿಡಲಿಲ್ಲ. ಕೊಟ್ಟುಬಿಡಿ.

ಲಾವಣ್ಯಾ


ಅಜ್ಜಿಗೆ ಮಾತ್ರ

ಅಜ್ಜಿ,

ಇದು ಚಿತ್ರ ಅಲ್ಲ. ಅಮ್ಮಗ ಸುಳ್ಳು ಹೇಳೇನಿ.

ನನಗ ಕನ್ನಡ ಓದಾಕ ಬರ್ತದ. ಯಾರಿಗೂ ಗೊತ್ತಿಲ್ಲ. ಡಾಕ್ಟರ್ ಮೇಡಂ ತಲಕಟ್ಟು ಮಾತ್ರ ಬೇರೆ ಅಂದ್ರು. ಅವತ್ತು ಅಮ್ಮ ಸ್ನಾನಕ್ಕ ಹೋದಾಗ ಅತ್ತಿ ಕಾಗದ ನೋಡಿದೆ. ಮೊದಲ ನನ್ನ ಹೆಸರು ಸಿಕ್ತು. ಆಮ್ಯಾಲ ಅಮ್ಮ ಸಿಕ್ತು. ಆಮ್ಯಾಲ ನಿಧಾನ ಎಲ್ಲಾ ಸಿಕ್ತು. ಅಮ್ಮ ಬರೆದು ಅರ್ಧ ಬಿಟ್ಟಿದ್ದೂ ಓದೇನಿ. ನನಗ ಕ್ಯಾನ್ಸರ್ ಅಂತ. ನಾ ಅಳಲಿಲ್ಲ. ಸ್ವಲ್ಪ ಅತ್ತೆ.

ಬಿಳಿ ಗುಳಿಗಿ ಬಗ್ಗೆ ನಾ ಯಾರಿಗೂ ಹೇಳಿಲ್ಲ. ಅರ್ಧ ನಿನಗ, ಅರ್ಧ ನನಗ ಅಂತ ದಿನಾ ಕೊಡ್ತಿದ್ದಿ, ಕಾಲ್ ನೋವು ಹೋಗಿತ್ತು. ಅತ್ತಿ ಮುಂದ, ಅಮ್ಮನ ಮುಂದ ಹೇಳಿದ್ರ ನೀ ಸಾಯ್ತಿ ಅಂತ ನಿನ್ನ ತಲಿ ಮ್ಯಾಲ ನನ್ನ ಕೈ ಇಡಿಸಿ ಆಣಿ ಮಾಡಿಸಿದ್ದಿ. ಅದಕ್ಕ ದಿನಾ ಫೋನ್ ಮಾಡ್ತಿದ್ದೆ. ನನಗ ನಿದ್ದೀಯೊಳಗ ಮಾತಾಡೋ ಚಟ ಐತಲ್ಲ, ಹೇಳಿಬಿಟ್ಟೆನೇನೋ ಅಂತ ಭಯಂ.

ಅತ್ತಿ ಬರದಾರ, ನೀ ಏಳೋದಿಲ್ಲ ಅಂತ. ನಾ ಹೇಳೇ ಇಲ್ಲ ಅಜ್ಜಿ. ನಿಜಂಗಾ. ಆದ್ರೂ ನಿನಗ ಹಿಂಗ್ಯಾಕಾತು? ನನ್ನ ಕಾಯಿಲೆ ನಿನಗೂ ಬಂತಾ?

ಗುಳಿಗಿ ವಿಷಯ ಡಾಕ್ಟರಿಗೆ ಬೇಕಂತ. ಇಲ್ಲಾಂದ್ರ ಔಷಧಿ ತಪ್ಪಾಗ್ತದಂತ. ನಾ ಹೇಳಂಗಿಲ್ಲ. ನಿನಗ ಬರದ್ರ ಆಣಿ ಮುರಿಯೂದಿಲ್ಲ, ಯಾಕಂದ್ರ ನಿನಗ ಮೊದಲ ಗೊತ್ತದ. ನೀ ಹೇಳು ಅಜ್ಜಿ. ಆಣಿ ನಂದು, ನಿಂದಲ್ಲ. ನೀ ಹೇಳಿದ್ರ ಯಾರೂ ಸಾಯೂದಿಲ್ಲ.

ನಿನ್ನ ವರ್ಷಾ


ಪಟಮಟ
೧೭ ಜುಲೈ ೨೦೨೪

ಲಾವಣ್ಯಾ,

ವರ್ಷಾಳ ಡಾಕ್ಟರಿಗೆ ಬೆಳಿಗ್ಗೆಯೇ ಫೋನಿನಲ್ಲಿ ಎಲ್ಲ ಹೇಳಿದೆ. ನಿನಗೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೆ ಈ ಕಾಗದ. ಇದರೊಳಗಿನ ಪೊಟ್ಟಣವನ್ನು ಹಾಗೆಯೇ ಅವರ ಕೈಗೆ ಕೊಡು.

ನಿನ್ನೆ ಲಕೋಟೆ ಬಂತು. ಒಳಗೆ ವರ್ಷಾ ಮಡಚಿ ಅಂಟಿಸಿದ ಕಾಗದ, ಮೇಲೆ "ಅಜ್ಜಿಗೆ ಮಾತ್ರ". ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಬಿಡಿಸಿ ನೋಡಲು ಉಗುರು ಹಾಕಿದೆ. ಆ ಅಕ್ಷರ ನೋಡಿ ಕೈ ನಿಂತಿತು. ಕನ್ನಡವೇ, ಆದರೆ ಪ್ರತಿ ಅಕ್ಷರದ ತಲೆಯ ಮೇಲೂ ತೆಲುಗಿನ ಕೊಕ್ಕೆ. ನಾವಿಬ್ಬರೂ ಎಂಥ ಜಾಣೆಯರು! ಬಸ್ಸಿನ ಬೋರ್ಡು ಓದುತ್ತ ನಾವು ತೆಲುಗು ಕಲಿತದ್ದು ಹೀಗೆಯೇ ಅಲ್ಲವೇ? ಅವಳಿಗೆ ಮಾತ್ರ ಬಾರದೆಂದು ಹೇಗೆ ನಂಬಿದೆವು? ಎಲ್ಲರನ್ನೂ ಅನುಮಾನಿಸಿದೆವು, ಓದುತ್ತಿದ್ದವಳನ್ನು ಬಿಟ್ಟು.

ಒಡೆಯದೆ ಅಮ್ಮನ ಕೈಯಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ, "ಮೃಣಾಲಿನೀ, ಸಾಯಿಲಕ್ಷ್ಮೀನ್ನ ಕರಿ. ನನ್ನ ಗುಳಿಗಿ ಆಕಿ ಮನ್ಯಾಗ ಅದಾವ" ಎಂದಳು.

ಸಾಯಿಲಕ್ಷ್ಮಿಯ ಗಂಡ ಆಟೋನಗರ್‌ನಲ್ಲಿ ಲಾರಿ ರಿಪೇರಿ ಮಾಡುತ್ತಾನೆ. ಅಲ್ಲಿ ಒಬ್ಬನು ಮಂಡಿನೋವಿಗೆ ಬೇರಿನ ಔಷಧಿಯೆಂದು ಕಾಗದದಲ್ಲಿ ಕಟ್ಟಿ ಮಾರುತ್ತಾನಂತೆ. ಹೆಸರಿಲ್ಲ, ಚೀಟಿಯಿಲ್ಲ. ನನಗೆ ಹೆದರಿ ಅಮ್ಮ ಅದನ್ನು ಪಕ್ಕದ ಮನೆಯಲ್ಲಿಟ್ಟು ದಿನಕ್ಕೊಂದು ತರಿಸಿಕೊಳ್ಳುತ್ತಿದ್ದಳು. ಮೊಮ್ಮಗಳು ಕುಂಟಿದಾಗ ಅರ್ಧ ಮುರಿದು ಕೊಟ್ಟಳು. ಸ್ಟೆರಾಯ್ಡ್ ಕೊಟ್ಟೆಯಾ ಎಂದು ನಾನು ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ. ಬೇರಿಗೆ ಇಂಗ್ಲಿಷ್ ಹೆಸರಿದೆಯೆಂದು ಅವಳಿಗೇನು ಗೊತ್ತು? ಗೊತ್ತಾಗುತ್ತ ಬಂದ ಮೇಲೆ ಹೆದರಿ ತಾನೂ ನುಂಗುವುದನ್ನು ನಿಲ್ಲಿಸಿದಳು. ಹಾಗೆ ಒಮ್ಮೆಗೇ ಬಿಟ್ಟದ್ದಕ್ಕೇ ಹಾಸಿಗೆ ಹಿಡಿದದ್ದು ಎಂದರು ಡಾಕ್ಟರು. ಇಲ್ಲಿಯ ಆಸ್ಪತ್ರೆಗೆ ಸೇರಿಸಿದ್ದೇನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹುಡುಕುತ್ತಿದ್ದೆವು. ಮುಟ್ಟಿಕೊಳ್ಳಬೇಕೆಂದು ಅವಳಿಗೆ ತಿಳಿದೇ ಇರಲಿಲ್ಲ. ನೀನು ಸರಿ ಹೇಳಿದ್ದೆ. ನಾನು ನಿನಗೆ ಆಡಬಾರದ್ದು ಆಡಿದೆ, ಕ್ಷಮಿಸು.

ಮೃಣಾಲಿನಿ


ವಿಶಾಖಪಟ್ಟಣ
೨೪ ಜುಲೈ ೨೦೨೪

ಅಕ್ಕ,

ಪೊಟ್ಟಣದಲ್ಲಿದ್ದದ್ದು ಸ್ಟೆರಾಯ್ಡೇ. ಡಾಕ್ಟರು ಹಳೆಯ ಲೆಕ್ಕ ಹೊಡೆದುಹಾಕಿ, ಸೋಮವಾರದಿಂದ ಲ್ಯುಕೇಮಿಯಾದ ಭಾರಿ ದಾರಿ ಹಿಡಿದಿದ್ದಾರೆ. ದೂರದ ದಾರಿ, ಎರಡೂವರೆ ವರ್ಷದ್ದು. "ಸರಿಯಾದ ದಾರಿ, ನಡೆಯೋಣ" ಎಂದರು. ನಿಮ್ಮ ತಮ್ಮ ಬಂದಿಳಿದಿದ್ದಾರೆ. ಮಗಳ ಬೋಳುತಲೆ ನೋಡಿ ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ನಿಮ್ಮ ಮೇಲೆ ನನಗೀಗ ಸಿಟ್ಟಿಲ್ಲ. ಅತ್ತೆಯವರ ಮೇಲಿದೆ, ಇದೆಯೆಂದೇ ಹೇಳುತ್ತೇನೆ. ಗುಳಿಗೆ ಕೊಟ್ಟದ್ದಕ್ಕಲ್ಲ. ಎಂಟು ವರ್ಷದ ಮಗುವಿನ ತಲೆಯ ಮೇಲೆ ತಮ್ಮ ಸಾವನ್ನು ಹೊರಿಸಿದ್ದಕ್ಕೆ. ಅವರ ಫೋನು ಎತ್ತಕೂಡದೆಂದು ವಾರದಿಂದ ಹಟ ಹಿಡಿದಿದ್ದೆ.

ಆದರೆ ಸೋತೆ. ವರ್ಷಾ ಊಟ ಬಿಟ್ಟಿದ್ದಾಳೆ. ಗುಟ್ಟು ಹೊರಬಿತ್ತೆಂದು ತಿಳಿದಾಗಿನಿಂದ, ತಾನು ಬರೆದದ್ದಕ್ಕೇ ಆಣೆ ಮುರಿದು ಅಜ್ಜಿ ಸತ್ತಿದ್ದಾರೆ, ನಾವು ಮುಚ್ಚಿಡುತ್ತಿದ್ದೇವೆ ಎಂದೇ ಅವಳ ನಂಬಿಕೆ. ಚೆನ್ನಾಗಿದ್ದಾರೆ ಎಂದೆ, "ಅಬದ್ಧಂ" ಎಂದಳು. ಅವಳ ಅಪ್ಪ ಹೇಳಿದರು, ಅದಕ್ಕೂ ಸುಳ್ಳು ಎಂದಳು. ಫೋನ್ ಹಚ್ಚಿಕೊಡುತ್ತೇನೆ ಎಂದರೆ ನೀವೇ ಅಜ್ಜಿಯ ದನಿ ಮಾಡಿ ಮಾತಾಡಬಹುದಂತೆ. ಯಾರನ್ನೂ ನಂಬದಿರುವುದನ್ನು ನಾವಿಬ್ಬರೂ ಎಷ್ಟು ಚೆನ್ನಾಗಿ ಕಲಿಸಿದ್ದೇವೆ ನೋಡಿ, ಕಾಗದದ ಮೇಲೆ ಕಾಗದ ಬರೆದು.

ಅಜ್ಜಿಯ ಕೈಬರಹವೇ ಬೇಕಂತೆ. ಹಬ್ಬಕ್ಕೆ ಅವರು ಕಳಿಸಿದ್ದ ಉಂಡೆ ಡಬ್ಬಿಯ ಚೀಟಿ ಅವಳ ಹತ್ತಿರ ಇದೆ, ಹೋಲಿಸಿ ನೋಡುತ್ತಾಳಂತೆ. ನಿಮ್ಮದೇ ರಕ್ತ. ಬರೆಸಿ ಕಳಿಸಿ ಅಕ್ಕ, ಬೇಗ.

ನಿಮ್ಮ,
ಲಾವಣ್ಯಾ


ವಿಜಯವಾಡ
೨೭ ಜುಲೈ ೨೦೨೪

ನನ್ನ ಕೂಸು ವರ್ಷಾಗ,

ನಿಮ್ಮ ಅಜ್ಜಿ ಅಕ್ಕಮ್ಮ ತನ್ನ ಕೈಯಾರೆ ಬರಿಯೋ ಕಾಗದ. ಕೈ ನಡುಗ್ತದ, ಅಕ್ಷರ ಡೊಂಕ ಆಗ್ತಾವ, ಉಂಡಿ ಚೀಟಿ ಬರಿಯೋವಾಗೂ ಹಂಗೇ ಇದ್ದವು, ಹೋಲಿಸಿ ನೋಡು. ನಿಮ್ಮವ್ವ ಇದನ್ನ ನಿನಗಿಂತ ಮೊದಲ ಓದ್ತಾಳ. ಓದ್ಲಿ. ಇನ್ನ ನನ್ನ ಹತ್ರ ಮುಚ್ಚಿಡೋದು ಏನೂ ಉಳದಿಲ್ಲ.

ನಾ ಸತ್ತಿಲ್ಲ. ಇವತ್ತು ಎದ್ದು ಕುಂತು ಎರಡು ಇಡ್ಲಿ ತಿಂದೆ.

ನೀ ಕೇಳಿದಂಗ ನಾನೇ ಹೇಳಿದೆ. ಎಲ್ಲಾ ಹೇಳಿದೆ. ನೀ ಆಣಿ ಮುರೀಲಿಲ್ಲ. ಅಷ್ಟ ದೊಡ್ಡ ಸೂಜಿ ಚುಚ್ಚಿದ್ರೂ ನನ್ನ ಜೀವ ಕೈಯಾಗ ಹಿಡಕೊಂಡು ಸುಮ್ಮನ ಕುಂತಿದ್ದಿಯಲ್ಲ ತಾಯಿ, ಅದನ್ನ ನೆನೆಸಿಕೊಂಡ್ರ ನನಗ ಅನ್ನ ಇಳಿಯೂದಿಲ್ಲ. ನೋವು ಹೋಗ್ಲಿ ಅಂತ ಕೊಟ್ಟೆ, ಕೂಸ. ಬೈಸಿಕೊಳ್ಳಬಾರದು ಅಂತ ಆಣಿ ಮಾಡಿಸಿದೆ. ಮೊದಲಿಂದು ತಿಳೀಲಾರದ ಮಾಡಿದ್ದು. ಎರಡನೇದ್ದು ತಿಳಿದೇ ಮಾಡಿದ್ದು. ಅದಕ್ಕ ನಿಮ್ಮವ್ವನ ಕಾಲಿಗೆ ಬೀಳ್ತೇನಿ ಅಂತ ಹೇಳು.

ಆಣಿ ಹಿಂದ ತೊಗೊಂಡೇನಿ. ಇನ್ನ ನನ್ನ ಜೀವ ಕಾಯೋ ಕೆಲಸ ನಿಂದಲ್ಲ.

ದಿನಾ ಸಂಜೀಕ ನೀ ಫೋನ್ ಮಾಡಿ ಬಾಗುನ್ನಾವಾ ಅಂತಿದ್ದಿ. ನಾನೇನೋ ಪ್ರೀತಿಗೆ ಅಂದುಕೊಂಡು ಹೂಂ ಅಂತಿದ್ದೆ. ಇನ್ ಮ್ಯಾಲ ನಾ ಮಾಡ್ತೇನಿ. ನನಗೂ ಈಗ ಯಾರ ಮಾತಿನ ಮ್ಯಾಲೂ ನಂಬಿಗಿಲ್ಲ. ನಿಮ್ಮವ್ವ ಹೇಳಿದ್ರೂ ನಂಬಂಗಿಲ್ಲ, ಡಾಕ್ಟರ್ ಹೇಳಿದ್ರೂ ನಂಬಂಗಿಲ್ಲ. ನೀನೇ ಎತ್ತಬೇಕು. ಕತಿ ಬ್ಯಾಡ, ಹಾಡು ಬ್ಯಾಡ.

ಹೂಂ ಅಂದ್ರ ಸಾಕು.

ನಿನ್ನ ಅಜ್ಜಿ,
ಅಕ್ಕಮ್ಮ